ಬಿಸಿಲ ಕಡೆಯ ಸೀಟು

ನಮ್ಮ ಕಡೆಯ ಬಸ್ಸಿನಲ್ಲಿ ಬೇಕೆಂದೇ ಬಿಸಿಲ ಕಡೆಯ ಸೀಟು ಹಿಡಿಯುವವರೆಂದರೆ ನಾನು ಕಂಡದ್ದು ಅವರೊಬ್ಬರನ್ನೇ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮುಂಜಾನೆಯ ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ಬಲಗಡೆಯ ಸೀಟುಗಳು ತುಂಬಿರುತ್ತಿದ್ದವು. ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಎಸೆದು ಜಾಗ ಹಿಡಿಯುವವರೂ ನೆರಳು ನೋಡಿಯೇ ಎಸೆಯುತ್ತಿದ್ದರು. ಕೆಲವರು ನಿಂತಾದರೂ ಬರುತ್ತಿದ್ದರೇ ಹೊರತು ಎಡಗಡೆ ಕೂರುತ್ತಿರಲಿಲ್ಲ. ರಾಯಚೂರು ಸೀಮೆಯ ಬಿಸಿಲನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅವರು ಮಾತ್ರ ಮಸ್ಕಿಯಲ್ಲಿ ಹತ್ತಿ, ನೆರಳಿನಲ್ಲಿ ಜಾಗ ಖಾಲಿಯಿದ್ದ ದಿನವೂ, ಸೀದಾ ಹೋಗಿ ಎಡಗಡೆಯ ಕಿಟಕಿಗೆ ಕೂರುತ್ತಿದ್ದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚೀಲವನ್ನು ಪಕ್ಕದ ಸೀಟಿಗೆ ಹಾಕಿ, ಯಾರಿಗೂ ಬೇಡವಾದ ಆ ಜಾಗದಲ್ಲಿ ಆರಾಮಾಗಿ ಇರುತ್ತಿದ್ದರು.

ಈ ವರ್ಷ ಕಾಲೇಜು ತೆರೆದಾಗಿನಿಂದ ಆ ಸೀಟಿನಲ್ಲಿ ಅವರಿಲ್ಲ. ಯಾಕಿಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಮನೆ ಲಿಂಗಸುಗೂರಿನಲ್ಲಿ. ಅವರು ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದರು. ಅತಿಥಿ ಎಂಬ ಮಾತಿಗೆ ನಾನು ತರಗತಿಯಲ್ಲಿ ಹೇಳುವ ಅರ್ಥ ಬೇರೆ, ಕಾಲೇಜಿನ ಕಚೇರಿಯ ಅರ್ಥ ಬೇರೆ. ಕಚೇರಿಯ ಅತಿಥಿಯನ್ನು ವರ್ಷ ವರ್ಷ ಹೊಸದಾಗಿ ಕರೆಯಬೇಕು, ಕರೆಯದಿದ್ದರೆ ಬರುವ ಹಾಗಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೆ ಅವರು ಸಂಕೋಚಪಟ್ಟುಕೊಂಡು ಎಷ್ಟೋ ದಿನ ನನ್ನ ಫೋನ್ ಎತ್ತುವುದಿಲ್ಲ, ಅದು ನನಗೆ ನಷ್ಟ.

ಮೊದಲು ಮಾತಾಡಿಸಿದವಳು ನಾನೇ. ಆ ದಿನ ಅವರು ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಎರಡು ಸಣ್ಣ ದುಂಡು ಬರೆದು, ಆಚೆಗೊಂದು ಈಚೆಗೊಂದು ಗೋಡೆ ಎಳೆದು, ಅದನ್ನೇ ನೋಡುತ್ತ ಕೂತಿದ್ದರು. ಗಾಜಿನ ಆಚೆ ಭತ್ತದ ಗದ್ದೆಗಳು, ನಿಂತ ನೀರಿನ ಮೇಲಿನ ಬೆಳಕು, ಬದುವಿನ ಮೇಲಿನ ಬೆಳ್ಳಕ್ಕಿ ಎಲ್ಲವೂ ಹಿಂದಕ್ಕೆ ಹೋಗುತ್ತಿದ್ದವು. ಎರಡು ದುಂಡು ಮಾತ್ರ ಇದ್ದಲ್ಲೇ ಇದ್ದವು. ನೋಡುತ್ತ ನೋಡುತ್ತ ನನಗೂ ಒಂದು ಥರ ಮಂಪರು ಬಂದಂತಾಗಿ, ಏನಿದು ರೊಟ್ಟಿಯೇನ್ರಿ ಎಂದು ಕೇಳಿದೆ.

“ಸಣ್ಣ ಖೋಲಿ ರೀ ಅಕ್ಕಾರ,” ಎಂದರು. “ಒಂದು ಎಲೆಕ್ಟ್ರಾನ್ ಬಂದು ಕುಂತ್ರ ತುಂಬೇ ಬಿಡ್ತೈತಿ.”

ಆ ಖೋಲಿಗೆ, ಆ ಪುಟ್ಟ ಕೋಣೆಗೆ, ಕ್ವಾಂಟಮ್ ಡಾಟ್ ಎಂದು ಹೆಸರು. ಅವರು ಪಿಎಚ್.ಡಿ.ಗೆ ಹಿಡಿದ ವಿಷಯವೇ ಅದು: ಒಂದಕ್ಕೊಂದು ಬಾಗಿಲಿರುವ ಎರಡು ಡಾಟ್. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಎರಡು ಖೋಲಿಗಳ ಆಚೀಚೆ ಲೋಹದ ಎರಡು ದಂಡೆ. ಒಂದು ದಂಡೆ ಬಿಸಿ, ಇನ್ನೊಂದು ತಣ್ಣಗೆ. ನಡುವೆ ಬ್ಯಾಟರಿ ಇಲ್ಲ, ಏನೂ ಇಲ್ಲ. ಬಿಸಿಯೇ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಖೋಲಿಯಿಂದ ಖೋಲಿಗೆ ದಾಟಿಸುತ್ತದೆ, ಅದರಿಂದ ಕರೆಂಟು ಹುಟ್ಟುತ್ತದೆ. ಹಾಗಾದರೆ ಸಿಂಧನೂರಿನ ರೈಸ್ ಮಿಲ್ಲುಗಳ ಚಿಮಣಿಯಿಂದ ಸುಮ್ಮನೆ ಆಕಾಶಕ್ಕೆ ಹೋಗುವ ಬಿಸಿಯಿಂದಲೂ ದೀಪ ಹಚ್ಚಬಹುದೇ ಎಂದು ಕೇಳಿದೆ. ನನ್ನ ಖೋಲಿಗೆ ಅಷ್ಟು ಕಸುವಿಲ್ಲ, ಆದರೆ ಎಂದೋ ಒಂದು ದಿನ ಯಾರೋ ಹಚ್ಚುತ್ತಾರೆ ಎಂದರು. ಆ ‘ಎಂದೋ ಒಂದು ದಿನ’ವನ್ನು ಅವರು ನಾಳೆ ಸಂತೆಗೆ ಹೋಗುವವರಂತೆ ನಿಶ್ಚಿಂತೆಯಿಂದ ಹೇಳಿದ್ದರು.

ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಒಂದು ಗುಣವಿದೆಯಂತೆ, ಮೇಲ್ಮುಖ ಇಲ್ಲವೇ ಕೆಳಮುಖ. ಒಂದೇ ಮುಖದವು ಎರಡು ಒಂದೇ ಖೋಲಿಯ ಒಂದೇ ಹಾಸಿಗೆಯಲ್ಲಿ ಇರುವಂತಿಲ್ಲ. ಇದು ನನ್ನ ತಲೆಗೆ ಹತ್ತಲಿಲ್ಲ. ಆದರೆ ಒಂದು ಮುಂಜಾನೆ ಬಸ್ಸೇ ಪಾಠ ಮಾಡಿತು. ವಯಸ್ಸಾದ ರೈತರೊಬ್ಬರು ಹತ್ತಿದರು, ಕೈಯಲ್ಲಿ ಭಾರದ ಚೀಲ. ಇಡೀ ಬಸ್ಸಿನಲ್ಲಿ ಖಾಲಿ ಇದ್ದದ್ದು ಇವರ ಪಕ್ಕದ ಸೀಟು ಒಂದೇ. ಇವರು ಚೀಲ ತೆಗೆದು, ಕುಂದ್ರಿ ಯಜಮಾನ್ರ ಎಂದು ಕರೆದರು. ಅವರು ಇರ್ಲಿ ಬಿಡವ್ವ ಎಂದು ಕಂಬಿ ಹಿಡಿದು ನಿಂತೇ ಬಿಟ್ಟರು. ಹೆಣ್ಣುಮಗಳ ಪಕ್ಕ ಕೂರುವುದಾದರೂ ಹೇಗೆ? ಅವರು ನಿಂತದ್ದರಿಂದ ಅವರ ಹಿಂದಿನವರು ನಿಂತರು, ಬಾಗಿಲಲ್ಲಿ ನೂಕುನುಗ್ಗಲಾಯಿತು, ಕಂಡಕ್ಟರು ಒಳಗೆ ಬರಲಾಗದೆ ಹೊರಗಿನಿಂದಲೇ ಬೈಯತೊಡಗಿದ.

ಇವರ ಮುಖ ಅರಳಿತು. “ನೋಡ್ರಿ ಅಕ್ಕಾರ, ಜಾಗಾ ಖಾಲಿ ಐತಿ, ರಸ್ತಾ ಬಂದ್ ಆಗೇತಿ. ಇದಕ್ಕಽ ಸ್ಪಿನ್ ಬ್ಲಾಕೇಡ್ ಅಂತಾರ,” ಎಂದು ಮುಂದಿನ ಸೀಟಿನಲ್ಲಿದ್ದ ನನ್ನ ಕಿವಿಗೆ ಬಾಗಿ ಹೇಳಿದರು. ಆಮೇಲೆ ಒಂದು ತಿದ್ದುಪಡಿ ಸೇರಿಸಿದರು: ಎಲೆಕ್ಟ್ರಾನುಗಳ ರೀತಿ ನಮ್ಮದಕ್ಕೆ ಉಲ್ಟಾ, ಅಲ್ಲಿ ಗಂಡಸಿನ ಪಕ್ಕ ಗಂಡಸು ಕೂರುವಂತಿಲ್ಲ. ನಿಸರ್ಗಕ್ಕೆ ನಮ್ಮ ನಾಚಿಕೆ ಇಲ್ಲ ನೋಡಿ ಎಂದು ನಕ್ಕರು. ಯಜಮಾನರು ಸಿಂಧನೂರಿನ ತನಕ ನಿಂತೇ ಬಂದರು.

ಅವರ ತವರು ಕಾಲುವೆ ಸೀಮೆಯ ವಳಕಮದಿನ್ನಿ, ಕೊಟ್ಟ ಮನೆ ಮಸ್ಕಿಯ ಬಟ್ಟೆ ವ್ಯಾಪಾರದವರದು. ಮೊದಲು ಹೆದರಿದ್ದೆ, ಅಂಗಡಿ ಮನೆಯಲ್ಲಿ ಈ ಡಾಟ್ ಗೀಟ್ ನಡೆಯುತ್ತದೆಯೇ ಎಂದು. ನಡೆಯುತ್ತಿತ್ತು. ಅವರ ಅತ್ತೆ ದಿನಾ ಮುಂಜಾನೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮಿಟುಕಿಸದೆ ಕೂರುವ ಹೆಂಗಸು. ಒಮ್ಮೆ ಅವರ ಮನೆಗೆ ಹೋದಾಗ ಸೊಸೆಯ ಬಗ್ಗೆ ದೂರು ಹೇಳುವ ದನಿಯಲ್ಲಿ ನನಗೆ ಹೇಳಿದರು: “ನಾ ಅಂಗೈ ನೋಡ್ತೀನಿ, ಅಕಿ ಗ್ವಾಡಿ ನೋಡ್ತಾಳ. ಇಬ್ಬರಿಗೂ ಕರದ್ರ ಕೇಳ್ಸಂಗಿಲ್ಲ.” ಅದು ದೂರಲ್ಲ, ಹೆಮ್ಮೆ ಎಂದು ತಿಳಿಯಲು ನನಗೆ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು.

ಕರೆದರೆ ಕೇಳಿಸದಿರುವುದಕ್ಕೆ ನಾನೂ ಸಾಕ್ಷಿ. ಒಂದು ಸಂಜೆ ವಾಪಸು ಬರುವಾಗ ಮಸ್ಕಿ ಬಂತು, ಜನ ಇಳಿದರು, ಹತ್ತಿದರು, ಇವರು ಇಳಿಯಲಿಲ್ಲ. ನಾನು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದೆ. ಲಿಂಗಸುಗೂರಿನಲ್ಲಿ ಇಳಿದು ತಿರುಗಿ ನೋಡಿದರೆ ನನ್ನ ಹಿಂದೆಯೇ ಇಳಿಯುತ್ತಿದ್ದಾರೆ, ಕನಸಿನಲ್ಲಿ ನಡೆದು ಬಂದವರ ಹಾಗೆ. ಮನೆಗೆ ಕರೆದುಕೊಂಡು ಹೋಗಿ ಒಗ್ಗರಣೆ ಮಂಡಾಳು, ಚಹಾ ಕೊಟ್ಟೆ. ಕತ್ತಲಾದ ಮೇಲೆ ಅವರ ಯಜಮಾನರು ಮೋಟರ್‌ಸೈಕಲ್ ತೆಗೆದುಕೊಂಡು ಕರೆಯಲು ಬಂದರು. ಬೈಯುತ್ತಾರೇನೋ ಎಂದು ನಾನು ನಡುವೆ ಬರಲು ಸಿದ್ಧಳಾಗಿದ್ದೆ. ಆ ಮನುಷ್ಯ ಹೆಂಡತಿಯನ್ನು ಒಮ್ಮೆ ನೋಡಿ, ನಮ್ಮಾಕಿ ಯಾವ ಖೋಲ್ಯಾಗ ಇದ್ದಳ್ರಿ ಎಂದು ನನ್ನನ್ನು ಕೇಳಿ, ಉಳಿದ ಮಂಡಾಳು ತಿಂದು, ಅವರನ್ನು ಹಿಂದೆ ಕೂರಿಸಿಕೊಂಡು ಹೋದರು.

ಪಾಠದಲ್ಲಿ ಅವರಿಗೊಂದು ಚಾಳಿ ಇತ್ತು. ಹುಡುಗರು ಯಾವುದೇ ಲೆಕ್ಕ ಶುರು ಮಾಡುವ ಮೊದಲು ಇವರು ‘ಯಾವ ಕಡೆ?’ ಎಂದು ಕೇಳುತ್ತಿದ್ದರು. ಬಿಸಿ ಯಾವ ಕಡೆ, ತಣ್ಣಗಿರುವುದು ಯಾವ ಕಡೆ, ನೀನು ಎಲ್ಲಿಂದ ನೋಡುತ್ತಿದ್ದೀ, ಅದನ್ನು ಮೊದಲು ಹೇಳು ಎನ್ನುತ್ತಿದ್ದರು. ಹುಡುಗರು ಅವರಿಗೆ ‘ಯಾವ ಕಡೆ ಮೇಡಮ್’ ಎಂದೇ ಹೆಸರಿಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಈ ಸಲ ಗಾಳಿ ಜೋರು ಎಂದರೂ ಅವರು ತಲೆಯೆತ್ತಿ ಯಾವ ಕಡೆಯಿಂದ್ರಿ ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು, ಅವರು ಉತ್ತರಕ್ಕೆ ಕಾಯುತ್ತಿದ್ದರು.

ಅವರ ಸಂಶೋಧನೆಯಲ್ಲಿ ನನಗೆ ತೀರಾ ಇಷ್ಟವಾದ ಒಂದು ಜಾಗವಿತ್ತು. ಎರಡು ಖೋಲಿಗಳನ್ನು ಒಂದು ಹದಕ್ಕೆ ತಂದರೆ, ಮೇಲ್ಮುಖದವು ಎಷ್ಟು ಒಂದು ಕಡೆಗೆ ಹೋಗುತ್ತವೆಯೋ ಕೆಳಮುಖದವು ಅಷ್ಟೇ ಎದುರು ಬರುತ್ತವೆ. ಲೆಕ್ಕ ಹಾಕಿದರೆ ಕರೆಂಟು ಸೊನ್ನೆ. ಹೊರಗಿನಿಂದ ನೋಡುವವರಿಗೆ ಏನೂ ನಡೆದೇ ಇಲ್ಲ. ಆದರೆ ಒಳಗೆ ಒಂದು ಹರಿದಾಟ ನಡೆದೇ ಇರುತ್ತದೆ, ಬರೀ ಸ್ಪಿನ್ನಿನದು. ಸಂತೆಯ ದಿನ ಮಸ್ಕಿಯಲ್ಲಿ ನಮ್ಮ ಬಸ್ಸು ಹಾಗೆಯೇ ಇರುತ್ತಿತ್ತು. ಎಷ್ಟು ಜನ ಇಳಿದರೋ ಅಷ್ಟೇ ಜನ ಹತ್ತಿ, ಬಸ್ಸು ಇದ್ದಷ್ಟೇ ತುಂಬಿ, ಮುಖಗಳು ಮಾತ್ರ ಬೇರೆಯಾಗಿರುತ್ತಿದ್ದವು. ಬಳಗಾನೂರಿನ ಕೂಲಿ ಹೆಂಗಸರು ಬುತ್ತಿ ಹಿಡಿದು ಒಳಗೆ ಬಂದರೆ ಬಸ್ಸಿಗೆಲ್ಲ ಬೇರೆಯೇ ವಾಸನೆ. ಇವರು ಅದನ್ನೆಲ್ಲ ನೋಡುತ್ತ, ಸೊನ್ನೆ ಎಂದರೆ ಖಾಲಿಯಲ್ಲ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ನಾನು ಎಷ್ಟೋ ಪದ್ಯಗಳನ್ನು ಪಾಠ ಮಾಡಿದ್ದೇನೆ, ಇಷ್ಟು ಚಂದದ ಮಾತು ಕಡಿಮೆ.

ಆ ಲೆಕ್ಕವನ್ನು ಅವರು ವರ್ಷಗಟ್ಟಲೆ ಒಬ್ಬರೇ ಮಾಡಿದ್ದರು. ಸುತ್ತಮುತ್ತ ಅದನ್ನು ಓದಿ ತಪ್ಪು ಒಪ್ಪು ಹೇಳುವವರು ಯಾರೂ ಇರಲಿಲ್ಲ. ಗೈಡ್ ಇದ್ದದ್ದು ತುಂಗಭದ್ರೆಯ ಆಚೆಯ ವಿಶ್ವವಿದ್ಯಾಲಯದಲ್ಲಿ. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಕೈತುಂಬ ವಿದ್ಯಾರ್ಥಿಗಳು. ಕಳೆದ ಚಳಿಗಾಲದಲ್ಲಿ ಒಂದು ದಿನ ಇವರು ಬಸ್ಸು ಹತ್ತಿದವರೇ, ಎಂದೂ ಇಲ್ಲದ್ದು, ನೆರಳಿನ ಕಡೆ ನನ್ನ ಪಕ್ಕಕ್ಕೆ ಬಂದು ಕೂತರು. ಹೊರದೇಶದ ಒಂದು ಗುಂಪು ಇವರದೇ ಸಂಗತಿಯನ್ನು ಲೆಕ್ಕ ಹಾಕಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿತ್ತು. ಅಯ್ಯೋ, ಕಸಿದುಕೊಂಡರಲ್ಲ ಎಂದೆ. ಅವರು ಮಾತ್ರ ನನ್ನ ಕೈ ಹಿಡಿದು, “ಅಕ್ಕಾರ, ಅಲ್ಲಿ ಮತ್ತ ಯಾರೋ ಅದಾರ್ರೀ,” ಎಂದರು. ಎಷ್ಟೋ ಕಾಲ ಒಬ್ಬರೇ ಇದ್ದ ಓಣಿಯಲ್ಲಿ ಇನ್ನೊಂದು ಮನೆಯ ದೀಪ ಕಂಡಂತೆ ಅವರ ಮುಖವಿತ್ತು.

ಆ ಸಂತೋಷ ಒಂದೆರಡು ದಿನದ್ದು. ಪೂರಾ ಓದಿದ ಮೇಲೆ ಗೊತ್ತಾಯಿತು, ಎಲ್ಲವೂ ಹೊಂದುತ್ತದೆ, ಒಂದು ಚಿಹ್ನೆ ಹೊಂದುವುದಿಲ್ಲ. ಇವರ ಲೆಕ್ಕದಲ್ಲಿ ಮೇಲ್ಮುಖದ ಎಲೆಕ್ಟ್ರಾನುಗಳು ಬಿಸಿ ದಂಡೆಯಿಂದ ತಣ್ಣನೆಯ ದಂಡೆಗೆ ಹೋಗುತ್ತಿದ್ದವು. ಹೊರದೇಶದವರದರಲ್ಲಿ ತಣ್ಣನೆಯ ದಂಡೆಯಿಂದ ಬಿಸಿ ದಂಡೆಗೆ. ಅಲ್ಲಿ ಕೂಡು ಚಿಹ್ನೆ, ಇಲ್ಲಿ ಕಳೆ ಚಿಹ್ನೆ, ಅಷ್ಟೇ ಫರಕು.

ಗೈಡ್ ಹೇಳಿದ್ದು ಸರಳವಾಗಿತ್ತು. ಪ್ರಬಂಧದಲ್ಲಿ ಬೇರೆ ಅಧ್ಯಾಯಗಳಿವೆ, ಕೆಲಸಕ್ಕೆ ಧಕ್ಕೆಯಿಲ್ಲ. ಅವರದು ದೊಡ್ಡ ಗುಂಪು, ಹತ್ತು ಜನ ನೋಡಿರುತ್ತಾರೆ, ಅವರದೇ ಸರಿ ಇರಬೇಕು. ಚಿಹ್ನೆ ತಿರುಗಿಸಿ, ಸಂಕ್ರಾಂತಿಯೊಳಗೆ ಸಲ್ಲಿಸಿ, ಬೇಸಿಗೆಯ ಹೊತ್ತಿಗೆ ಪದವಿ ಕೈಯಲ್ಲಿರುತ್ತದೆ. ಪದವಿ ಕೈಯಲ್ಲಿರಲೇಬೇಕಿತ್ತು. ಡಾಕ್ಟರೇಟ್ ಇದ್ದವರನ್ನು ಅತಿಥಿಗಳ ಪಟ್ಟಿಯಲ್ಲಿ ಮೇಲೆ ಹಾಕುತ್ತಿದ್ದರು. ಇಲ್ಲದವರು ಕೆಳಗೆ ಜಾರುತ್ತ ಹೋಗಿ, ಈ ಸಲ ಪಟ್ಟಿಯಿಂದಲೇ ಹೊರಗೆ ಬೀಳುವುದು ಖಚಿತವಿತ್ತು. ಕಾಲೇಜು ಹೋದರೆ ಅವರಿಗೆ ಪಾಠ ಹೋದಂತೆ, ಸಂಬಳ ಹೋದಂತೆ, ಆ ಬಸ್ಸು ಹೋದಂತೆ.

ಅವರು ತಿರುಗಿಸಲಿಲ್ಲ. ಸಲ್ಲಿಸಲೂ ಇಲ್ಲ. ಹಟವೇ ಎಂದರೆ ಹಟವಲ್ಲ. ತಮ್ಮದೇ ಸರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಎಲ್ಲಿ ಬೇರೆಯಾಯಿತು ಎಂದು ಗೊತ್ತಾಗಬೇಕು ಎನ್ನುತ್ತಿದ್ದರು, ಅಷ್ಟೇ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಬಸ್ಸಿನಲ್ಲಿ ಬಿಸಿಲು ಕೆನ್ನೆ ಸುಡುವಷ್ಟಾಯಿತು. ಅವರು ಅದೇ ಎಡಗಡೆಯ ಕಿಟಕಿಯಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೆ ಪ್ರತಿ ಮೆಟ್ಟಿಲನ್ನೂ ಮತ್ತೆ ಇಳಿದು ಹತ್ತಿ ನೋಡುತ್ತಿದ್ದರು. ಎಲ್ಲೂ ತಪ್ಪು ಸಿಗುತ್ತಿರಲಿಲ್ಲ. ಧೂಳಿನ ಮೇಲಿನ ಎರಡು ದುಂಡುಗಳ ನಡುವೆ ಬಾಣದ ಗುರುತು ಹಾಕುತ್ತಿದ್ದರು, ಅಳಿಸುತ್ತಿದ್ದರು. ನನಗೆ ಸಿಟ್ಟು ಬಂದು, ಒಂದು ಕಡ್ಡಿ ಎಳೆದರೆ ಕಳೆ ಹೋಗಿ ಕೂಡು ಆಗುತ್ತದೆ, ಅದಕ್ಕಾಗಿ ಅನ್ನ ಕಳೆದುಕೊಳ್ಳುತ್ತೀರಾ ಎಂದು ಬೈದೆ. ಅವರು ಹೌದು ನೋಡ್ರಿ ಎಂದು ಮತ್ತೆ ಗಾಜಿನ ಕಡೆ ತಿರುಗಿದರು.

ಬೇಸಿಗೆ ಮುಗಿಯುವ ಹೊತ್ತಿಗೆ ಪಟ್ಟಿ ಬಂತು. ಅದರಲ್ಲಿ ಅವರ ಹೆಸರಿರಲಿಲ್ಲ. ನಾನು ಫೋನ್ ಮಾಡಿ, ನನ್ನ ಮಗಳ ಕುಬಸಕ್ಕೆ ಬನ್ನಿ ಎಂದು ಕರೆದೆ. ಬಸುರಿ ಮಗಳಿಗೆ ತವರಿನಲ್ಲಿ ಹಸಿರು ಬಳೆ ಇಡಿಸಿ ಉಡಿ ತುಂಬುವ ದಿನ ಅವರಿದ್ದರೆ ನನಗೂ ಸಮಾಧಾನ, ಅವರಿಗೂ ಒಂದು ಹೊತ್ತು ಮರೆವು ಎಂದುಕೊಂಡೆ.

ಇಲ್ಲಿ ನಮ್ಮ ರಸ್ತೆಯ ಒಂದು ಗುಟ್ಟು ಹೇಳಬೇಕು. ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುವ ದಾರಿ ತೆಂಕಣಕ್ಕೆ ಇಳಿಯುತ್ತದೆ. ಮುಂಜಾನೆ ಹೋಗುವಾಗ ಸೂರ್ಯ ಎಡಗಡೆ. ಸಂಜೆ ಬಸ್ಸು ಬಡಗಣಕ್ಕೆ ತಿರುಗುವ ಹೊತ್ತಿಗೆ ಸೂರ್ಯನೂ ಪಡುವಣಕ್ಕೆ ಹೋಗಿರುತ್ತಾನೆ, ಮತ್ತೆ ಎಡಗಡೆ. ಹೋಗುವಾಗಲೂ ಎಡಕ್ಕೆ ಬಿಸಿಲು, ಬರುವಾಗಲೂ ಎಡಕ್ಕೆ ಬಿಸಿಲು. ಅವರ ತವರು ತೆಂಕಣಕ್ಕೆ, ಕಾಲೇಜು ಆ ದಿಕ್ಕಿಗೆ, ವಿಶ್ವವಿದ್ಯಾಲಯವೂ ಆ ದಿಕ್ಕಿಗೆ. ಮಸ್ಕಿಯಿಂದ ಮುಂಜಾನೆ ಹೊತ್ತು ಬಡಗಣಕ್ಕೆ ಲಿಂಗಸುಗೂರಿಗೆ ಬರುವ ಕೆಲಸ ಅವರಿಗೆ ಬಿದ್ದೇ ಇರಲಿಲ್ಲ. ಕುಬಸದ ದಿನ ಮೊದಲ ಸಲ ಮುಂಜಾನೆ ಬಂದರು.

ಬಂದದ್ದು ತಡವಾಗಿ. ಮಗಳಿಗೆ ಬಳೆ ಇಡಿಸಿ ಆಗಿತ್ತು, ಹೆಂಗಸರು ಹಾಡು ಹೇಳುತ್ತಿದ್ದರು, ಅಡುಗೆ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಅವರು ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಉಡಿ ತುಂಬುವ ಸಾಮಾನಿತ್ತು, ಅದನ್ನು ಯಾರಿಗೆ ಕೊಡಬೇಕೆಂಬ ನೆನಪಿರಲಿಲ್ಲ. ನಿದ್ದೆಯಿಂದ ಎಬ್ಬಿಸಿದ ಮಗುವಿನ ಹಾಗೆ ಎಲ್ಲರನ್ನೂ ನೋಡುತ್ತಿದ್ದರು. ನಾನು ಕೈ ಹಿಡಿದು ಅಡುಗೆ ಮನೆಗೆ ಕರೆದುಕೊಂಡು ಹೋದೆ.

“ಅಕ್ಕಾರ, ಬಿಸಿಲು ಬಲಕ್ಕಿತ್ರೀ,” ಎಂದರು.

ನನಗೆ ಏನೂ ತಿಳಿಯಲಿಲ್ಲ. ನೀರು ಕೊಟ್ಟು ಕೂರಿಸಿದ ಮೇಲೆ ಒಂದೊಂದಾಗಿ ಹೇಳಿದರು. ಮಸ್ಕಿಯಲ್ಲಿ ಹತ್ತಿ ರೂಢಿಯಂತೆ ಎಡಗಡೆಯ ಕಿಟಕಿಗೆ ಹೋದರೆ ಅಲ್ಲಿ ಜಾಗವೇ ಇಲ್ಲ, ಜನ ಒತ್ತರಿಸಿ ಕೂತಿದ್ದಾರೆ. ಇವತ್ತೇನು ಮಂದಿಗೆಲ್ಲ ಬಿಸಿಲಿನ ಹುಚ್ಚು ಹಿಡಿಯಿತೇ ಎಂದುಕೊಂಡರಂತೆ. ಆಮೇಲೆ ಬಲಗಡೆ ನೋಡಿದರೆ ಸೀಟುಗಳೆಲ್ಲ ಖಾಲಿ, ಅವುಗಳ ಮೇಲೆ ಬೆಳಗಿನ ಬಿಸಿಲು ಉದ್ದಕ್ಕೂ ಮಲಗಿದೆ. ಕಂಬಿ ಹಿಡಿದು ನಡುವೆ ನಿಂತೇ ಬಿಟ್ಟರು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದ್ದು ಕೇಳಿಸಲಿಲ್ಲ.

ಇಷ್ಟು ವರ್ಷ ಅವರು ಬರೆದ ಪ್ರತಿ ಚಿತ್ರದಲ್ಲೂ ಬಿಸಿ ದಂಡೆ ಎಡಕ್ಕಿತ್ತು. ಯಾಕೆ ಎಡಕ್ಕೆ ಎಂದು ಅವರು ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ, ಬಿಸಿ ಎಂದರೆ ಎಡಕ್ಕೇ ಇರುವುದು. ಆದರೆ ಲೆಕ್ಕವೆಲ್ಲ ಶುರುವಾಗುವ ಮೊದಲನೆಯ ಸೂತ್ರವನ್ನು ಅವರು ಹಳೆಯ ಒಂದು ಲೇಖನದಿಂದ ತೆಗೆದುಕೊಂಡಿದ್ದರು, ಅದರಲ್ಲಿ ಬಿಸಿ ದಂಡೆ ಬಲಕ್ಕಿತ್ತು. ಆ ಲೇಖನವನ್ನು ಎಷ್ಟು ಸಲ ನೋಡಿದರೂ ಅವರ ಕಣ್ಣು ಬಿಸಿಯನ್ನು ಎಡಕ್ಕೇ ಎಳೆದುಕೊಳ್ಳುತ್ತಿತ್ತು. ಅಲ್ಲಿಂದ ಮುಂದಿನ ಮೆಟ್ಟಿಲುಗಳೆಲ್ಲ ಸರಿಯಾಗಿದ್ದವು. ಕರೆಂಟು ಹೇಗೂ ಸೊನ್ನೆ, ಸೊನ್ನೆಗೆ ಕೂಡು ಕಳೆ ಇಲ್ಲ, ಹಾಗಾಗಿ ತಪ್ಪು ಅಲ್ಲಿ ತೋರಲಿಲ್ಲ. ಸ್ಪಿನ್ ಮಾತ್ರ ಸದ್ದಿಲ್ಲದೆ ಉಲ್ಟಾ ಹರಿಯುತ್ತಿತ್ತು. ಹೊರದೇಶದವರದೇ ಸರಿ, ಇವರದು ತಪ್ಪು.

“ಯಾವ ಕಡೆ, ಯಾವ ಕಡೆ ಅಂತ ಹುಡುಗರ ಜೀವಾ ತಿಂದೆ ನೋಡ್ರಿ,” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನಗೆ ನಗು ಬರಲಿಲ್ಲ. ಗೈಡ್ ಹೇಳಿದಂತೆ ಅಂದೇ ಚಿಹ್ನೆ ತಿರುಗಿಸಿದ್ದರೆ ಅದೇ ಸರಿಯಾದ ಉತ್ತರವಾಗಿರುತ್ತಿತ್ತು. ಪದವಿ ಬಂದಿರುತ್ತಿತ್ತು, ಪಟ್ಟಿಯಲ್ಲಿ ಹೆಸರಿರುತ್ತಿತ್ತು. ಪಾಮನಕಲ್ಲೂರಿನ ಹೈಸ್ಕೂಲಿನಲ್ಲಿ ಒಂದು ವಿಜ್ಞಾನದ ಜಾಗ ಖಾಲಿಯಿದೆ, ಅಲ್ಲಿಗೆ ಕೇಳಿಕೊಂಡಿದ್ದೇನೆ ಎಂದು ಅದೇ ಉಸಿರಿನಲ್ಲಿ ಅವರು ಹೇಳಿದ್ದರು. ಈಗ ಅವರಿರುವುದು ಅಲ್ಲಿಯೇ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿಯೇ ಬಿಟ್ಟೆ.

“ಅಂದಽ ಬದ್ಲಿ ಮಾಡಿದ್ರ ನೌಕರಿ ಉಳೀತಿತ್ತಲ್ಲ ತಂಗಿ? ಉತ್ತರಾನೂ ಬರೋಬರಿ ಇರ್ತಿತ್ತಲ್ಲ?”

ಅವರು ಲೆಕ್ಕವೊಂದನ್ನು ನೋಡುವ ಹಾಗೆ ಆ ಪ್ರಶ್ನೆಯನ್ನು ನೋಡಿದರು. ಒಳಗೆ ಹಾಡು ನಿಂತು, ಇನ್ನೊಂದು ಶುರುವಾಗುತ್ತಿತ್ತು.

“ಇರ್ತಿತ್ರಿ ಅಕ್ಕಾರ,” ಎಂದರು. “ನೌಕರೀನೂ ಇರ್ತಿತ್ತು, ಉತ್ತರಾನೂ ಬರೋಬರಿ ಇರ್ತಿತ್ತು. ಬರೋಬರಿ ಐತಿ ಅನ್ನೂದು ನನಗ ಒಬ್ಬಾಕಿಗೆ ಗೊತ್ತಿರ್ತಿದ್ದಿಲ್ಲ.”

ನನಗೆ ಅಳು ಬಂತು. ಅವರಿಗೆ ಹಸಿವಾಗಿತ್ತು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಣ್ಣಲು ಕೂತವರಂತೆ ಚಕ್ಕಂಬಕ್ಕಳ ಹಾಕಿ ಕೂತು, ಹೋಳಿಗೆಯ ಮೇಲೆ ತುಪ್ಪ ಹಾಕಿರಿ ಎಂದು ಕೈ ಚಾಚಿದರು.